ನಾಯಿಯ ತಟ್ಟೆಯಲ್ಲಿ ಯಾರ ಪಾಲಿನ ಮಾಂಸ?

2025ರ ಫೆಬ್ರವರಿಯಲ್ಲಿ ಪಶ್ಚಿಮ ಲಂಡನ್ನಿನ ಬ್ರೆಂಟ್‌ಫರ್ಡ್‌ನ ಅಂಗಡಿಯೊಂದರಲ್ಲಿ ನಾಯಿಗಳಿಗೆ ಹೊಸ ತಿಂಡಿ ಮಾರಾಟಕ್ಕೆ ಬಂತು. ಒಂದು ಕೋಳಿಮೊಟ್ಟೆಯಿಂದ ತೆಗೆದ ಜೀವಕೋಶಗಳನ್ನು ತೊಟ್ಟಿಯಲ್ಲಿ ಬೆಳೆಸಿ, ಕೋಳಿ ಕೊಯ್ಯದೆಯೇ ಮಾಡಿದ ಮಾಂಸ ಅದರಲ್ಲಿತ್ತು. ಅದಕ್ಕೂ ಮೊದಲು, 2024ರ ಜುಲೈನಲ್ಲಿ, ಬ್ರಿಟನ್ನಿನ ಪಶುವೈದ್ಯರ ಸಂಘ ನಾಯಿಗೆ ವೀಗನ್ (ಹಾಲು, ಮೊಟ್ಟೆಯೂ ಇಲ್ಲದ ಸಸ್ಯಜನ್ಯ) ಆಹಾರ ಕೊಡಬಾರದೆಂಬ ತನ್ನ ಹಳೆಯ ನಿಲುವನ್ನು ಕೈಬಿಟ್ಟಿತ್ತು. ಇತ್ತ ಬೆಂಗಳೂರಿನಲ್ಲಿ 2025ರ ಜುಲೈನಲ್ಲಿ ಸುದ್ದಿಯಾದದ್ದು ಬೀದಿನಾಯಿಗಳಿಗೆ ಚಿಕನ್ ರೈಸ್ ಕೊಡಲು ಬಿಬಿಎಂಪಿ ಕರೆದ ಟೆಂಡರ್: ತಲಾ 150 ಗ್ರಾಂ ಕೋಳಿ, 100 ಗ್ರಾಂ ಅಕ್ಕಿ, 100 ಗ್ರಾಂ ತರಕಾರಿ, 10 ಗ್ರಾಂ ಎಣ್ಣೆ.

ಮನೆಯಲ್ಲಿ ನಾಯಿ ಬೆಕ್ಕು ಸಾಕಿದವರಿಗೆ ಇವನ್ನೆಲ್ಲ ಒಟ್ಟಿಗೆ ಓದಿದರೆ ತಲೆ ಕೆಡುವುದು ಸಹಜ. ಮಾಂಸ ಕೊಟ್ಟರೆ ಭೂಮಿಗೆ ಭಾರ ಅನ್ನುತ್ತಾರೆ, ಕೊಡದಿದ್ದರೆ ಪ್ರಾಣಿಗೆ ಅನ್ಯಾಯ ಅನ್ನುತ್ತಾರೆ. ಪ್ಯಾಕೆಟ್ ಆಹಾರ ಕಸ ಅನ್ನುವವರಿದ್ದಾರೆ, ಆ ಕಸವೇ ಪರಿಸರಕ್ಕೆ ಒಳ್ಳೆಯದು ಅನ್ನುವವರೂ ಇದ್ದಾರೆ. ಇವುಗಳಲ್ಲಿ ಯಾವುದೂ ಪೂರ್ತಿ ಸುಳ್ಳಲ್ಲ. ಒಬ್ಬೊಬ್ಬರು ಒಂದೊಂದು ಲೆಕ್ಕ ಹಿಡಿದು ಮಾತಾಡುತ್ತಿದ್ದಾರೆ, ಅಷ್ಟೇ.

ಲೆಕ್ಕ ಶುರುವಾದದ್ದು ಎಲ್ಲಿಂದ

ಹೆಚ್ಚಿನ ತಲೆಬರಹಗಳ ಮೂಲ 2017ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಗ್ರೆಗರಿ ಓಕಿನ್ ಪ್ರಕಟಿಸಿದ ಅಧ್ಯಯನ. ಅಮೆರಿಕದಲ್ಲಿ ಪ್ರಾಣಿಜನ್ಯ ಆಹಾರದ ಉತ್ಪಾದನೆಯಿಂದ ಭೂಮಿ, ನೀರು, ಇಂಧನದ ಮೇಲೆ ಬೀಳುವ ಹೊರೆಯಲ್ಲಿ ಶೇ 25ರಿಂದ 30ರಷ್ಟು ಅಲ್ಲಿನ ನಾಯಿ ಬೆಕ್ಕುಗಳದ್ದು ಎಂದು ಅವರು ಅಂದಾಜು ಮಾಡಿದರು. ಹಸಿರುಮನೆ ಅನಿಲದ ಲೆಕ್ಕದಲ್ಲಿ ವರ್ಷಕ್ಕೆ ಸುಮಾರು 6.4 ಕೋಟಿ ಟನ್ ಇಂಗಾಲದ ಡೈಆಕ್ಸೈಡಿಗೆ ಸಮ. ಅಂಕಿ ದೊಡ್ಡದು, ಸುದ್ದಿಯೂ ದೊಡ್ಡದಾಯಿತು.

ಪೆಟ್ ಫುಡ್ ಉದ್ಯಮದ ಆಕ್ಷೇಪ ತಕ್ಷಣ ಬಂತು. ನಾಯಿಗೆಂದು ಯಾರೂ ದನ ಕೊಯ್ಯುವುದಿಲ್ಲ, ಮನುಷ್ಯ ತಿಂದು ಬಿಟ್ಟ ಶ್ವಾಸಕೋಶ, ಗುಲ್ಮ, ಎಲುಬಿನ ಪುಡಿ ನಾಯಿಗೆ ಹೋಗುತ್ತದೆ, ಕಸ ಬಳಸಿದವನ ಮೇಲೆ ಊಟದ ಬಿಲ್ಲು ಹಾಕುವುದು ಯಾವ ನ್ಯಾಯ ಎಂಬುದು ಆ ವಾದ. ಗೊಂದಲದ ಗಂಟು ಇಲ್ಲೇ ಇರುವುದು.

ಒಂದೇ ಪುಪ್ಪುಸ, ಎರಡು ಬಿಲ್ಲು

ಒಂದು ಕುರಿ ಕೊಯ್ದಾಗ 12 ಕಿಲೋ ಮಾಂಸ, 1 ಕಿಲೋ ಪುಪ್ಪುಸ (ಶ್ವಾಸಕೋಶ) ಸಿಕ್ಕಿತು ಎಂದಿಟ್ಟುಕೊಳ್ಳಿ. ಆ ಕುರಿ ಮೇಯ್ದ ಹುಲ್ಲು, ಕುಡಿದ ನೀರು, ತೇಗಿ ಬಿಟ್ಟ ಮಿಥೇನ್ ಎಲ್ಲವನ್ನೂ ಈ 13 ಕಿಲೋಗೆ ಹಂಚಬೇಕು. ತೂಕದ ಪ್ರಕಾರ ಹಂಚಿದರೆ ಪುಪ್ಪುಸದ ಪಾಲು ಶೇ 7.7. ಬೆಲೆಯ ಪ್ರಕಾರ ಹಂಚಿದರೆ? ಮಾಂಸ ಕಿಲೋಗೆ 800 ರೂಪಾಯಿ, ಪುಪ್ಪುಸ 100 ರೂಪಾಯಿ ಎಂದು ಹಿಡಿದರೆ ಒಟ್ಟು 9,700 ರೂಪಾಯಿಯಲ್ಲಿ ಪುಪ್ಪುಸದ್ದು 100. ಪಾಲು ಶೇ 1ರ ಹತ್ತಿರ. ಅದೇ ಪುಪ್ಪುಸ, ಅದೇ ನಾಯಿ, ಪರಿಸರದ ಬಿಲ್ಲಿನಲ್ಲಿ ಸುಮಾರು ಏಳೂವರೆ ಪಟ್ಟು ವ್ಯತ್ಯಾಸ.

ಎರಡರಲ್ಲಿ ಯಾವುದು ಸರಿ? ಕುರಿ ಸಾಕುವವನು ಯಾವುದನ್ನು ನಂಬಿ ಸಾಕುತ್ತಾನೆ ಎಂದು ಕೇಳಿದರೆ ಬೆಲೆಯ ಲೆಕ್ಕವೇ ಹೆಚ್ಚು ಅರ್ಥಪೂರ್ಣ. ಪುಪ್ಪುಸ ಯಾರೂ ಕೊಳ್ಳದಿದ್ದರೂ ಆ ಕುರಿ ಹುಟ್ಟುತ್ತಿತ್ತು, ತೊಡೆಮಾಂಸ ಯಾರೂ ಕೊಳ್ಳದಿದ್ದರೆ ಹುಟ್ಟುತ್ತಿರಲಿಲ್ಲ. ಆದರೆ ಈ ವಾದಕ್ಕೆ ಒಂದು ಷರತ್ತಿದೆ, ಉದ್ಯಮ ಅದನ್ನು ಮೆಲ್ಲಗೆ ಮರೆಸುತ್ತದೆ. ಪ್ಯಾಕೆಟ್ಟಿನ ಮೇಲೆ 'ರಿಯಲ್ ಚಿಕನ್', 'ಹ್ಯೂಮನ್ ಗ್ರೇಡ್' ಎಂದು ಬರೆದು ಎದೆಮಾಂಸ ತುಂಬಿದ ದಿನ ಅದು ಉಳಿಕೆ ಪದಾರ್ಥವಲ್ಲ. ಆಗ ನಾಯಿ ಮನುಷ್ಯನ ಜೊತೆ ಅದೇ ತೂಕದ ತಕ್ಕಡಿಗೆ ಬಂದು ನಿಂತಂತೆ. ಪೂರ್ತಿ ಬಿಲ್ಲು ಅದಕ್ಕೂ ಬೀಳುತ್ತದೆ.

ಅವರ ಕಸ, ನಮ್ಮ ಸಾರು

ಈ ಚರ್ಚೆಯನ್ನು ಅಮೆರಿಕದಿಂದ ನೇರ ಇಳಿಸಿಕೊಂಡರೆ ಕರ್ನಾಟಕದಲ್ಲಿ ಕೂರುವುದಿಲ್ಲ. ಅಲ್ಲಿ 'ಬೈಪ್ರಾಡಕ್ಟ್' ಎನಿಸಿಕೊಂಡ ಅರ್ಧ ಪಟ್ಟಿ ನಮ್ಮಲ್ಲಿ ಊಟ. ಬೋಟಿ ಗೊಜ್ಜು, ತಲೆಮಾಂಸ, ಕಾಲು ಸೂಪು, ಲಿವರ್ ಫ್ರೈ, ರಕ್ತದ ಪಲ್ಯ ಯಾವುದನ್ನೂ ನಾವು ಬಿಟ್ಟವರಲ್ಲ. ಕಡಿಮೆ ದುಡ್ಡಿನಲ್ಲಿ ಕಬ್ಬಿಣ, ಪ್ರೋಟೀನು ಬೇಕಾದ ಮನೆಗಳಿಗೆ ಲಿವರ್ರೇ ಆಧಾರ. ಆದ್ದರಿಂದ 'ನಾಯಿಗೆ ಲಿವರ್ ಹಾಕಿ, ಅದು ಹೇಗೂ ವೇಸ್ಟು' ಎಂಬ ಪಾಶ್ಚಾತ್ಯ ಸಲಹೆ ಇಲ್ಲಿ ತಪ್ಪು ಲೆಕ್ಕ.

ಹಾಗಾದರೆ ಇಲ್ಲಿ ನಿಜವಾಗಿ ಉಳಿಯುವುದೇನು? ಬೆಳಿಗ್ಗೆ ಹತ್ತಕ್ಕೆ ಯಾವ ಚಿಕನ್ ಅಂಗಡಿಯ ಹಿಂದೆ ನೋಡಿದರೂ ನೀಲಿ ಡ್ರಮ್ಮೊಂದು ಇರುತ್ತದೆ. ಗಿರಾಕಿ 'ವಿದೌಟ್ ಸ್ಕಿನ್' ಎಂದ ಕೂಡಲೇ ಅಂಗಡಿಯವನು ಪುಕ್ಕದ ಸಮೇತ ಚರ್ಮವನ್ನು ಅಂಗಿ ಕಳಚಿದಂತೆ ಎಳೆದು ಅದರೊಳಗೆ ಎಸೆಯುತ್ತಾನೆ. ಹಿಂದೆಯೇ ತಲೆ, ಕರುಳು ಹೋಗುತ್ತವೆ. 2 ಕಿಲೋ ಜೀವಂತ ಕೋಳಿಯಿಂದ ಚರ್ಮವಿಲ್ಲದ ಮಾಂಸ 1.3 ಕಿಲೋ ಆಸುಪಾಸು, ಮಿಕ್ಕಿದ ಮೂರನೇ ಒಂದು ಭಾಗದಲ್ಲಿ ಹೆಚ್ಚಿನದು ಡ್ರಮ್ಮಿಗೆ.

ಈ ಡ್ರಮ್ಮಿನ ಮಾಲನ್ನು ಮನೆಯ ಕುಕ್ಕರಿನಲ್ಲಿ ಬೇಯಿಸಲಾಗದು. ಪುಕ್ಕ ಅಂಟಿದ ಚರ್ಮ, ಸೆಗಣಿ ತುಂಬಿದ ಕರುಳು. ಇದಕ್ಕೆ ರೆಂಡರಿಂಗ್ ಘಟಕ ಬೇಕು. ಅಲ್ಲಿ ಒತ್ತಡದಲ್ಲಿ, ನೂರು ಡಿಗ್ರಿಗೂ ಎಷ್ಟೋ ಮೇಲೆ (ಯುರೋಪಿನ ಒಂದು ಮಾನದಂಡ 133 ಡಿಗ್ರಿ ಸೆಲ್ಸಿಯಸ್, 20 ನಿಮಿಷ) ಬೇಯಿಸಿ, ಕೊಬ್ಬು ಬೇರ್ಪಡಿಸಿ, ಒಣಗಿಸಿ ಪುಡಿ ಮಾಡುತ್ತಾರೆ. ಕೇರಳದ ಹಲವು ಜಿಲ್ಲೆಗಳಲ್ಲಿ ಇಂಥ ಘಟಕಗಳಿವೆ. ಒಣ ಆಹಾರದ ಪ್ಯಾಕೆಟ್ಟಿನಲ್ಲಿ 'ಚಿಕನ್ ಮೀಲ್' ಎಂದು ಬರೆದಿರುವುದು ಹೀಗೆ ರೆಂಡರಿಂಗ್ ಮಾಡಿದ ಪುಡಿಯನ್ನೇ. ನೋಡಿ ಮೂಗು ಮುರಿಯುವವರೇ ಹೆಚ್ಚು. ಪರಿಸರದ ಕಡೆಯಿಂದ ನೋಡಿದರೆ ಆ ಎರಡು ಪದ ಪ್ಯಾಕೆಟ್ಟಿನ ಮೇಲಿರುವ ಅತ್ಯುತ್ತಮ ಸುದ್ದಿ. ಡ್ರಮ್ಮು ಘಟಕಕ್ಕೆ ಹೋಗದಿದ್ದರೆ ರಾತ್ರಿ ಕೆರೆ ದಂಡೆಗೆ ಹೋಗುತ್ತದೆ, ಅಲ್ಲಿ ಬೀದಿನಾಯಿಗಳ ಹಿಂಡು ಕಟ್ಟುತ್ತದೆ, ಆಮೇಲೆ ನಾಯಿ ಕಚ್ಚಿದ ಸುದ್ದಿ ಬೇರೆ ಪುಟದಲ್ಲಿ ಬರುತ್ತದೆ.

ನಾಯಿಗೆ ಸಸ್ಯಾಹಾರ ಒಗ್ಗುತ್ತದೆಯೇ

ಒಗ್ಗುತ್ತದೆ, ಆದರೆ ಮೊಸರನ್ನ ಹಾಕಿದರೆ ಸಾಕು ಎಂಬ ಅರ್ಥದಲ್ಲಲ್ಲ. ಮನುಷ್ಯನ ಜೊತೆ ಬಾಳುತ್ತ ನಾಯಿಗಳಲ್ಲಿ ಪಿಷ್ಟ ಅರಗಿಸುವ ಅಮೈಲೇಸ್ ಜೀನಿನ ಪ್ರತಿಗಳು ತೋಳಕ್ಕಿಂತ ಹೆಚ್ಚಾಗಿವೆ ಎಂದು 2013ರ ಅಧ್ಯಯನ ತೋರಿಸಿತು. ರಾಗಿ, ಅಕ್ಕಿ, ಜೋಳ ಬೆಂದಿದ್ದರೆ ನಾಯಿ ಚೆನ್ನಾಗಿ ಅರಗಿಸಿಕೊಳ್ಳುತ್ತದೆ. ದುಬಾರಿ 'ಗ್ರೇನ್ ಫ್ರೀ' ಪ್ಯಾಕೆಟ್‌ಗಳ ಹಿಂದೆ ಓಡುವುದಕ್ಕೆ ಕಾರಣವೇ ಇಲ್ಲ. ಧಾನ್ಯದ ಬದಲು ಬಟಾಣಿ, ಬೇಳೆ ತುಂಬಿದ ಅಂಥ ಆಹಾರಕ್ಕೂ ನಾಯಿಗಳ ಹೃದಯ ಹಿಗ್ಗುವ ಕಾಯಿಲೆಗೂ ನಂಟಿದೆಯೇ ಎಂದು ಅಮೆರಿಕದ ಆಹಾರ-ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2018ರಲ್ಲಿ ತನಿಖೆಗೇ ಇಳಿಯಿತು.

ಬ್ರಿಟಿಷ್ ಪಶುವೈದ್ಯರು ವಿರೋಧ ಬಿಟ್ಟದ್ದು 'ಪೋಷಕಾಂಶ ಸರಿಯಾಗಿ ಹೊಂದಿಸಿದ' ವೀಗನ್ ಆಹಾರಕ್ಕೆ ಮಾತ್ರ. ಮೆಥಿಯೋನಿನ್ ಎಂಬ ಅಮೈನೋ ಆಮ್ಲ, ಬಿ12, ಡಿ ವಿಟಮಿನ್, ಸತು ಇವನ್ನೆಲ್ಲ ಹೊರಗಿನಿಂದ ಸೇರಿಸಿದ ಕಾರ್ಖಾನೆ ಆಹಾರ ಅದು. ಮನೆಯ ಅನ್ನ-ಸಾರು ಆ ವರ್ಗಕ್ಕೆ ಸೇರುವುದಿಲ್ಲ. ಸಾರಿಗೆ ಇನ್ನೊಂದು ತೊಡಕು ಈರುಳ್ಳಿ, ಬೆಳ್ಳುಳ್ಳಿ. ನಾಯಿಯ ತೂಕದ ಕಿಲೋಗೆ 15ರಿಂದ 30 ಗ್ರಾಂ ಈರುಳ್ಳಿ ಕೆಂಪು ರಕ್ತಕಣ ಒಡೆಯಲು ಸಾಕು, ಬೆಕ್ಕಿಗೆ ಕಿಲೋಗೆ 5 ಗ್ರಾಂ ಸಾಕು. ದಿನಾ ಸ್ವಲ್ಪ ಸ್ವಲ್ಪ ತಿಂದರೂ ಏಟು ಕೂಡುತ್ತ ಹೋಗುತ್ತದೆ.

ಸಸ್ಯಾಹಾರಿ ಮನೆಗಳಲ್ಲಿ ಗಮನಕ್ಕೆ ಬಾರದ ಸಂಗತಿ ಇನ್ನೊಂದು. ಪನೀರು, ಮೊಸರು ಮೆಲುಕು ಹಾಕುವ ಪ್ರಾಣಿಯಿಂದ ಬಂದವು, ಮಿಥೇನಿನ ಬಿಲ್ಲು ಅವಕ್ಕೂ ಇದೆ. ಒಂದು ಕಿಲೋ ಪನೀರಿಗೆ ಐದಾರು ಲೀಟರ್ ಹಾಲು ಬೇಕು. ಬೆಲೆಯ ಲೆಕ್ಕದಲ್ಲಿ, ನಾಯಿಗೆ ದಿನಾ 100 ಗ್ರಾಂ ಪನೀರು ಹಾಕುವ ಮನೆಗಿಂತ ಕುರಿಯ ಪುಪ್ಪುಸ ಬೇಯಿಸಿ ಹಾಕುವ ಮನೆಯ ಹೊರೆ ಹಗುರ.

ಬೆಕ್ಕಿನ ವಿಷಯ ಬೇರೆಯೇ

ಇಲ್ಲಿ ಚೌಕಾಸಿಗೆ ಜಾಗವಿಲ್ಲ. ಟಾರಿನ್ ಎಂಬ ಅಮೈನೋ ಆಮ್ಲ, ಅರಾಕಿಡೋನಿಕ್ ಎಂಬ ಕೊಬ್ಬಿನಾಮ್ಲ, ಸಿದ್ಧ ರೂಪದ ಎ ವಿಟಮಿನ್ ಮೂರನ್ನೂ ಬೆಕ್ಕು ಪ್ರಾಣಿಜನ್ಯ ಆಹಾರದಿಂದಲೇ ಪಡೆಯಬೇಕು. ಹಾಲನ್ನದಲ್ಲಿ ಬೆಳೆದ ಬೆಕ್ಕು ತಿಂಗಳುಗಟ್ಟಲೆ ಚೆನ್ನಾಗಿಯೇ ಕಾಣುತ್ತದೆ, ಒಳಗೆ ಕಣ್ಣಿನ ರೆಟಿನಾ ಸವೆಯುತ್ತಿರುತ್ತದೆ, ಹೃದಯದ ಗೋಡೆ ಸಡಿಲವಾಗುತ್ತಿರುತ್ತದೆ. ಗೊತ್ತಾಗುವ ಹೊತ್ತಿಗೆ ರೆಟಿನಾ ವಾಪಸು ಬರುವುದಿಲ್ಲ. ಬ್ರಿಟಿಷ್ ಸಂಘವೂ ಬೆಕ್ಕಿಗೆ ಸಸ್ಯಾಹಾರ ಬೇಡವೆಂದೇ ಹೇಳುತ್ತದೆ.

ಆದರೆ ಬೆಕ್ಕು ಚಿಕ್ಕದು. 4 ಕಿಲೋ ಬೆಕ್ಕಿಗೆ ದಿನಕ್ಕೆ 200ರಿಂದ 250 ಕಿಲೋಕ್ಯಾಲರಿ ಸಾಕು. ಕರಾವಳಿಯಲ್ಲಿ ಬೂತಾಯಿ, ಬಂಗುಡೆಯ ತಲೆ-ಬಾಲ ಬೆಕ್ಕಿಗೆ ಹಾಕುವ ಹಳೆಯ ರೂಢಿ ಉಳಿಕೆ ಬಳಸುವ ಮಾದರಿಯೇ ಸರಿ. ಮೂರು ಎಚ್ಚರಿಕೆ ಬೇಕು. ಹಸಿ ಮೀನು ಬೇಡ, ಕೆಲವು ಮೀನುಗಳಲ್ಲಿ ಬಿ1 ವಿಟಮಿನ್ ಒಡೆಯುವ ಕಿಣ್ವವಿದ್ದು, ಬೇಯಿಸಿದರೆ ಅದು ಸಾಯುತ್ತದೆ. ಬೇಯಿಸಿದ ನೀರು ಚೆಲ್ಲಬೇಡಿ, ಟಾರಿನ್ ನೀರಿಗೆ ಇಳಿದುಬಿಟ್ಟಿರುತ್ತದೆ. ಎಣ್ಣೆ ಮೀನೊಂದನ್ನೇ ವರ್ಷವಿಡೀ ಹಾಕಿದರೆ ಇ ವಿಟಮಿನ್ ಸಾಲದೆ ಚರ್ಮದಡಿಯ ಕೊಬ್ಬು ಹಳದಿಗಟ್ಟಿ ನೋಯುವ ಕಾಯಿಲೆ ಬರುತ್ತದೆ. ಆದ್ದರಿಂದ ಮೀನಿನ ಉಳಿಕೆ ವಾರದಲ್ಲಿ ಎರಡು ಮೂರು ದಿನ, ಉಳಿದ ದಿನ ಟಾರಿನ್ ಸೇರಿಸಿದ ಒಣ ಆಹಾರ ಎಂಬ ಹೊಂದಾಣಿಕೆ ಸುರಕ್ಷಿತ.

ಏನು ಅನ್ನುವುದಕ್ಕಿಂತ ಎಷ್ಟು

ಮಾಂಸವೋ ಸಸ್ಯವೋ ಎಂಬ ಜಗಳದಲ್ಲಿ ಮುಚ್ಚಿಹೋಗುವ ಸಂಗತಿ ಅಳತೆ. ನಾಯಿಯ ವಿಶ್ರಾಂತಿ ಸ್ಥಿತಿಯ ಶಕ್ತಿ ಅಗತ್ಯಕ್ಕೆ ಪಶುವೈದ್ಯರು ಬಳಸುವ ಸೂತ್ರ: ತೂಕದ (ಕಿಲೋ) 0.75ನೇ ಘಾತ, ಗುಣಿಸು 70. ಸಂತಾನಹರಣ ಆದ ವಯಸ್ಕ ನಾಯಿಗೆ ಅದನ್ನು 1.6ರಿಂದ ಗುಣಿಸಬೇಕು. 10 ಕಿಲೋ ನಾಯಿಗೆ ಇದು ದಿನಕ್ಕೆ ಸುಮಾರು 630 ಕಿಲೋಕ್ಯಾಲರಿ. ಒಣ ಆಹಾರವಾದರೆ 170ರಿಂದ 180 ಗ್ರಾಂ. ಡಬ್ಬದೊಳಗೆ ಬಿದ್ದಿರುವ ಲೋಟದಲ್ಲಿ ಅಳೆದರೆ ಒಬ್ಬರ ಲೋಟಕ್ಕೂ ಇನ್ನೊಬ್ಬರ ಲೋಟಕ್ಕೂ 30-40 ಗ್ರಾಂ ಹೆಚ್ಚುಕಡಿಮೆ ಆಗುವುದು ಮಾಮೂಲು, ಅಡುಗೆಮನೆ ತಕ್ಕಡಿಯಲ್ಲಿ ತೂಗುವುದೇ ಸರಿ. ಚಹಾ ಹೊತ್ತಿಗೆ ಎಸೆಯುವ ಗ್ಲೂಕೋಸ್ ಬಿಸ್ಕೆಟ್ ಒಂದಕ್ಕೆ 25 ಕಿಲೋಕ್ಯಾಲರಿ ಹತ್ತಿರ. ನಾಲ್ಕು ಬಿಸ್ಕೆಟ್ ಅಂದರೆ ದಿನದ ಊಟದ ಆರನೇ ಒಂದು ಭಾಗ.

ಹೆಚ್ಚಾಗುತ್ತಿದೆಯೋ ಎಂದು ತಿಳಿಯಲು ಯಂತ್ರ ಬೇಡ. ಕೈ ಮುಂದೆ ಚಾಚಿ, ಬೆರಳು ನೇರ ಮಾಡಿ, ಹಿಂಗೈಯ ಬೆರಳ ಬುಡದ ಮೇಲೆ ಇನ್ನೊಂದು ಕೈ ಸವರಿ. ಎಲುಬು ಕೈಗೆ ಸಿಗುತ್ತದೆ, ಚುಚ್ಚುವುದಿಲ್ಲ. ನಾಯಿಯ ಪಕ್ಕೆಲುಬು ಹಾಗಿರಬೇಕು. ಮುಷ್ಟಿ ಕಟ್ಟಿದಾಗಿನ ಗೆಣ್ಣಿನಂತೆ ಚುಚ್ಚಿದರೆ ಸೊರಗಿದೆ, ಅಂಗೈ ಕಡೆಯಂತೆ ಮೆತ್ತಗಿದ್ದರೆ ಕೊಬ್ಬಿದೆ.

ನಾಯಿ ತರುವ ಮೊದಲೇ ತೀರ್ಮಾನವಾಗುವ ಅಳತೆಯೂ ಒಂದಿದೆ. 40 ಕಿಲೋ ನಾಯಿಗೆ 10 ಕಿಲೋ ನಾಯಿಯ ಸುಮಾರು 2.8 ಪಟ್ಟು ಊಟ ಬೇಕು. ಚಳಿನಾಡಿನ ಹಸ್ಕಿ ತಳಿಯ ನಾಯಿ ತಂದು ಬೇಸಿಗೆಯಿಡೀ ಅದಕ್ಕೆಂದು ಏಸಿ ಓಡಿಸುವವರು ವೀಗನ್ ಬಿಸ್ಕೆಟ್ ಕೊಂಡು ಸಮಾಧಾನಪಟ್ಟುಕೊಳ್ಳುವುದು ತಮಾಷೆಯೇ.

ಮನೆ ಅಡುಗೆ ಎಲ್ಲಿ ಕೈಕೊಡುತ್ತದೆ

2013ರಲ್ಲಿ ಕ್ಯಾಲಿಫೋರ್ನಿಯಾದ ಡೇವಿಸ್ ವಿಶ್ವವಿದ್ಯಾಲಯದವರು ನಾಯಿಗೆಂದು ಪ್ರಕಟವಾದ 200 ಮನೆ ಅಡುಗೆ ವಿಧಾನಗಳನ್ನು ಪರೀಕ್ಷಿಸಿದಾಗ ಶೇ 95ರಲ್ಲಿ ಒಂದಾದರೂ ಅಗತ್ಯ ಪೋಷಕಾಂಶ ಕಡಿಮೆಯಿತ್ತು. ಇದನ್ನು ಮನಸ್ಸಿನಲ್ಲಿಟ್ಟುಕೊಂಡೇ 10 ಕಿಲೋ ವಯಸ್ಕ ನಾಯಿಗೆ ಒಂದು ದಿನದ ಅಳತೆ ಹೇಳಬಹುದು: ಕುರಿ ಅಥವಾ ಮೇಕೆಯ ಪುಪ್ಪುಸ 150 ಗ್ರಾಂ, ಲಿವರ್ 20 ಗ್ರಾಂ, ಮೊಟ್ಟೆ 1, ಅಕ್ಕಿ ಅಥವಾ ರಾಗಿ ಹಿಟ್ಟು 90 ಗ್ರಾಂ, ಸಿಹಿಕುಂಬಳ 60 ಗ್ರಾಂ, ಎಣ್ಣೆ 1 ಟೀ ಚಮಚ, ಅಯೋಡಿನ್ ಉಪ್ಪು ಒಂದು ಚಿಟಿಕೆ, ಮೊಟ್ಟೆ ಸಿಪ್ಪೆಯ ನುಣ್ಣನೆ ಪುಡಿ ಅರ್ಧ ಟೀ ಚಮಚ.

ಸಿಪ್ಪೆ ಪುಡಿಯನ್ನು ಅಲಂಕಾರವೆಂದು ಬಿಡಬೇಡಿ. ಮಾಂಸದಲ್ಲಿ ರಂಜಕ ಹೆಚ್ಚು, ಸುಣ್ಣ (ಕ್ಯಾಲ್ಸಿಯಂ) ಇಲ್ಲವೆನ್ನುವಷ್ಟು ಕಡಿಮೆ. ರಕ್ತದಲ್ಲಿ ಸುಣ್ಣ ಇಳಿದಾಗ ದೇಹ ಅದನ್ನು ಎಲುಬಿನಿಂದ ತೆಗೆಯುತ್ತದೆ, ಹಾಗಾಗಿಯೇ ಬರೀ ಚಿಕನ್-ಅನ್ನ ತಿಂದ ಮರಿಗಳ ಕಾಲು ಬಾಗುತ್ತವೆ, ಸುಮ್ಮನೆ ನೆಗೆದರೂ ಮುರಿಯುತ್ತವೆ. ರಾಗಿಯಲ್ಲಿ 100 ಗ್ರಾಮಿಗೆ 350 ಮಿಲಿಗ್ರಾಂ ಸುಣ್ಣವಿದ್ದರೂ ಧಾನ್ಯದಲ್ಲೇ ಇರುವ ಫೈಟೇಟ್ ಎಂಬ ಪದಾರ್ಥ ಅದನ್ನು ಹಿಡಿದಿಡುವುದರಿಂದ ಅದೊಂದನ್ನೇ ನಂಬುವಂತಿಲ್ಲ. ಲಿವರ್ ಮಾತ್ರ 20 ಗ್ರಾಂ ದಾಟದಿರಲಿ, ಎ ವಿಟಮಿನ್ ಕೂಡಿ ವಿಷವಾಗುತ್ತದೆ. ಇಷ್ಟೆಲ್ಲ ಮಾಡಿದ ಮೇಲೂ ಸತು, ಇ ಮತ್ತು ಡಿ ವಿಟಮಿನ್ ಕೊರತೆ ಉಳಿಯುತ್ತದೆ. ಹಾಗಾಗಿ ಅರ್ಧ ಮನೆ ಅಡುಗೆ, ಅರ್ಧ ಒಣ ಆಹಾರ ಎಂಬುದೇ ಹೆಚ್ಚಿನ ಮನೆಗಳಿಗೆ ಹೊಂದುವ ದಾರಿ. ಬೆಳೆಯುವ ಮರಿಗೆ, ಮೂತ್ರಪಿಂಡದ ತೊಂದರೆಯಿರುವ ನಾಯಿಗೆ ಈ ಅಳತೆ ಸಲ್ಲದು.

ಪುಪ್ಪುಸವನ್ನು ಹಸಿಯಾಗಿ ಕೊಡಲೇಬಾರದು. ಕುರಿಯ ಪುಪ್ಪುಸ, ಲಿವರ್‌ಗಳಲ್ಲಿ ಹೈಡಾಟಿಡ್ ಎಂಬ ಲಾಡಿಹುಳುವಿನ ಗುಳ್ಳೆಗಳಿರಬಹುದು. ನಾಯಿ ಅದನ್ನು ಹಸಿ ತಿಂದರೆ ಹುಳು ಅದರ ಕರುಳಲ್ಲಿ ಬೆಳೆದು, ಮೊಟ್ಟೆ ಮಲದಲ್ಲಿ ಹೊರಬಿದ್ದು, ಕೈಯಿಂದ ಮನುಷ್ಯನ ಬಾಯಿಗೆ ಬರುತ್ತದೆ, ಮನುಷ್ಯನ ಲಿವರಿನಲ್ಲಿ ಗಡ್ಡೆ ಕಟ್ಟುತ್ತದೆ. 'ರಾ ಫೀಡಿಂಗ್' ಪ್ರಿಯರು ಈ ಸರಪಳಿಯ ಬಗ್ಗೆ ಮಾತಾಡುವುದು ಕಡಿಮೆ. ಎರಡು ಬೆರಳಗಲ ತುಂಡು ಮಾಡಿ ಅರ್ಧ ಗಂಟೆಯಾದರೂ ಕುದಿಸಬೇಕು. ಒಳಗೆ ಗಾಳಿಯಿರುವುದರಿಂದ ತುಂಡು ತೇಲುತ್ತದೆ, ಮೇಲ್ಭಾಗ ಹಸಿಯಾಗೇ ಉಳಿಯುತ್ತದೆ. ಮೇಲೊಂದು ತಟ್ಟೆ ಕವಿಚಿ ಒತ್ತಿಟ್ಟರೆ ಸಮನಾಗಿ ಬೇಯುತ್ತದೆ.

ಪೌಚಿನ ಬಿಲ್ಲು, ರೇಷ್ಮೆಯ ಉಳಿಕೆ

2022ರಲ್ಲಿ ಬ್ರೆಜಿಲ್‌ನಲ್ಲಿ ನಡೆದ ಅಧ್ಯಯನ 10 ಕಿಲೋ ನಾಯಿಯೊಂದರ ವರ್ಷದ ಆಹಾರಕ್ಕೆ ಲೆಕ್ಕ ಹಾಕಿತು. ಒಣ ಆಹಾರವಾದರೆ 828 ಕಿಲೋ ಇಂಗಾಲದ ಡೈಆಕ್ಸೈಡಿಗೆ ಸಮ, ಪೌಚು-ಡಬ್ಬಿಯ ತೇವದ ಆಹಾರವಾದರೆ 6,541 ಕಿಲೋ. ಎಂಟು ಪಟ್ಟಿನ ಈ ಅಂತರಕ್ಕೆ ಮುಖ್ಯ ಕಾರಣ ಒಳಗಿನ ಮಾಲು: ತೇವದ ಆಹಾರದ ಶಕ್ತಿಯಲ್ಲಿ ಶೇ 89ರಷ್ಟು ಪ್ರಾಣಿಜನ್ಯ, ಒಣದರಲ್ಲಿ ಶೇ 45. ಜೊತೆಗೆ ಪೌಚಿನಲ್ಲಿ ಮುಕ್ಕಾಲು ಪಾಲಿಗೂ ಮೇಲೆ ನೀರು, ಲಾರಿಯಲ್ಲಿ ಸಾಗುವುದು ಅದೇ. ಅಲ್ಯೂಮಿನಿಯಂ-ಪ್ಲಾಸ್ಟಿಕ್ ಪದರ ಅಂಟಿಸಿದ ಚೀಲವನ್ನು ಬಿಡಿಸಿ ಮರುಬಳಸುವುದು ಕಷ್ಟ. ನೀರು ಕಡಿಮೆ ಕುಡಿಯುವ ಬೆಕ್ಕಿಗೆ ಪೌಚು ವೈದ್ಯಕೀಯ ಕಾರಣಕ್ಕೆ ಬೇಕಾಗಬಹುದು, ಆರೋಗ್ಯವಂತ ನಾಯಿಗೆ ಬೇಕಿಲ್ಲ. ಒಣ ಆಹಾರಕ್ಕೆ ಬಿಸಿನೀರು ಹಾಕಿ ಹತ್ತು ನಿಮಿಷ ಬಿಟ್ಟರೆ ಆಯಿತು.

ಯುರೋಪಿನಲ್ಲಿ ಕೀಟಗಳ ಪ್ರೋಟೀನು ನಾಯಿ ಆಹಾರಕ್ಕೆ ಬಂದಿದೆ, ಬ್ಲ್ಯಾಕ್ ಸೋಲ್ಜರ್ ನೊಣದ ಮರಿಹುಳುವನ್ನು ಅದಕ್ಕೆಂದೇ ಸಾಕುತ್ತಾರೆ. ಕರ್ನಾಟಕದಲ್ಲಿ ಹೊಸದಾಗಿ ಸಾಕಬೇಕಿಲ್ಲ. 1 ಕಿಲೋ ಕಚ್ಚಾ ರೇಷ್ಮೆಗೆ 6ರಿಂದ 8 ಕಿಲೋ ಗೂಡು ಬೇಕು, ಹಸಿ ಗೂಡಿನ ತೂಕದ ಮುಕ್ಕಾಲು ಭಾಗಕ್ಕೂ ಮೇಲೆ ಒಳಗಿನ ಕೋಶದ ಹುಳುವಿನದು. ರಾಮನಗರ, ಶಿಡ್ಲಘಟ್ಟದ ಫಿಲೇಚರ್‌ಗಳಲ್ಲಿ ನೂಲು ಬಿಚ್ಚಿದ ಮೇಲೆ ರಾಶಿ ಬೀಳುವುದು ಇದೇ. ಒಣಗಿಸಿದರೆ ಅರ್ಧಕ್ಕೂ ಹೆಚ್ಚು ಪ್ರೋಟೀನು, ಕಾಲು ಭಾಗ ಕೊಬ್ಬು. ಕೋಳಿ, ಮೀನಿನ ಮೇವಿಗೆ ಈಗಾಗಲೇ ಬಳಕೆಯಿದೆ. ತೊಡಕು ಆ ಕೊಬ್ಬಿನದೇ. ಬಿಸಿನೀರಿನಿಂದ ತೆಗೆದ ಹುಳು ಗಂಟೆಗಳಲ್ಲೇ ಕಮಟುತ್ತದೆ, ರೀಲಿಂಗ್ ಬೀದಿಯ ವಾಸನೆ ಬಲ್ಲವರಿಗೆ ವಿವರಣೆ ಬೇಡ. ಅಂದೇ ಒಣಗಿಸಿ ಎಣ್ಣೆ ಹಿಂಡುವ ವ್ಯವಸ್ಥೆ ಬಂದರೆ, ಲಂಡನ್ನಿನ ತೊಟ್ಟಿಯ ಮಾಂಸಕ್ಕಿಂತ ಇದು ನಮಗೆ ಹತ್ತಿರದ ದಾರಿ.

ತಟ್ಟೆಯ ಇನ್ನೊಂದು ತುದಿ

ತಿಂದದ್ದು ಹೊರಬರಲೇಬೇಕು. ಬೆಲ್ಜಿಯಂನ ಗೆಂಟ್ ನಗರದ ಬಳಿಯ ಸಂರಕ್ಷಿತ ಹಸಿರು ಪ್ರದೇಶಗಳಲ್ಲಿ ನಾಯಿಗಳ ಮಲಮೂತ್ರದಿಂದ ವರ್ಷಕ್ಕೆ ಹೆಕ್ಟೇರಿಗೆ 11 ಕಿಲೋ ಸಾರಜನಕ, 5 ಕಿಲೋ ರಂಜಕ ಬೀಳುತ್ತಿದೆ ಎಂದು 2022ರಲ್ಲಿ ಲೆಕ್ಕ ಹಾಕಿದ್ದಾರೆ. ಅಗತ್ಯಕ್ಕಿಂತ ಹೆಚ್ಚು ಪ್ರೋಟೀನು ಕೊಟ್ಟಷ್ಟೂ ಮೂತ್ರದ ಸಾರಜನಕ ಹೆಚ್ಚು. ಕೆರೆ ಏರಿಯ ವಾಕಿಂಗ್ ದಾರಿಯಲ್ಲಿ ಬಿಟ್ಟದ್ದು ಮೊದಲ ಮಳೆಗೆ ಕೆರೆಗೆ ಇಳಿಯುತ್ತದೆ.

ನಾಯಿಯ ಮಲವನ್ನು ಹಸಿ ಕಸಕ್ಕೆ ಹಾಕಬಾರದು, ಆ ಕಸ ಕೈಯಲ್ಲಿ ಬೇರ್ಪಡುತ್ತದೆ, ಗೊಬ್ಬರವಾಗಿ ಹೊಲಕ್ಕೆ ಹೋಗುತ್ತದೆ. ಜಂತುಹುಳುವಿನ ಮೊಟ್ಟೆ ಮಣ್ಣಿನಲ್ಲಿ ವರ್ಷಗಟ್ಟಲೆ ಬದುಕುತ್ತದೆ, ಬಾಲ್ಕನಿಯ ಕಾಂಪೋಸ್ಟ್ ಡಬ್ಬ ಅದನ್ನು ಕೊಲ್ಲುವಷ್ಟು ಬಿಸಿಯಾಗುವುದಿಲ್ಲ. ಜಾಗವಿದ್ದರೆ ಬಾವಿ, ತರಕಾರಿ ಮಡಿಯಿಂದ ದೂರ ಒಂದಡಿ ಆಳದ ಗುಂಡಿ. ಇಲ್ಲದಿದ್ದರೆ ಹಳೇ ಪೇಪರಿನಲ್ಲಿ ಸುತ್ತಿ ಸ್ಯಾನಿಟರಿ ಕಸದ ಕೆಂಪು ಬುಟ್ಟಿ. ಬೆಕ್ಕಿನ ಗಟ್ಟಿಗಟ್ಟುವ ಮರಳು ಬೆಂಟೊನೈಟ್ ಜೇಡಿ, ಭಾರತದಲ್ಲಿ ಹೆಚ್ಚಾಗಿ ಕಛ್‌ನಲ್ಲಿ ಅಗೆದು ತೆಗೆಯುವುದು. ಕಮೋಡಿಗೆ ಹಾಕಿದರೆ ಪೈಪಿನಲ್ಲಿ ಊದಿ ಕೂರುತ್ತದೆ. ಮರದ ಪೆಲೆಟ್ ಅಥವಾ ಒಣ ತೆಂಗಿನ ನಾರಿನ ಪುಡಿ ಬದಲಿಗೆ ನಡೆಯುತ್ತದೆ. ಬೆಕ್ಕುಗಳಿಗೆ ಹೊಸದು ಬೇಗ ಹಿಡಿಸುವುದಿಲ್ಲ, ಆದ್ದರಿಂದ ಹಳೆಯದರ ಜೊತೆ ಕಾಲು ಭಾಗ ಬೆರೆಸಿ ಎರಡು ಮೂರು ವಾರದಲ್ಲಿ ಬದಲಿಸಬೇಕು.

ಮುಂದೆ ಏನಾಗಬಹುದು

ನಗರಗಳಲ್ಲಿ ನಾಯಿಗೆ ದಿನಾ ತಾಜಾ ಊಟ ಮನೆಗೆ ತಲುಪಿಸುವ ವ್ಯಾಪಾರ ಬೆಳೆಯುತ್ತಿದೆ, ಅದರ ಮಾರಾಟದ ಮಾತೇ 'ನೀವು ತಿನ್ನುವಂಥದ್ದೇ ಮಾಂಸ'. ಅದು ಬೆಳೆದಷ್ಟೂ ಮೊದಲು ಏರುವುದು ಎದೆಮಾಂಸದ ಬೆಲೆಯಲ್ಲ, ಲಿವರ್, ಗಿಜರ್ಡ್, ಕತ್ತಿನದು. ಪೂರೈಕೆ ಕೋಳಿಯ ಸಂಖ್ಯೆಗೆ ಕಟ್ಟಿಹಾಕಿದಂತಿರುವ ಅಗ್ಗದ ಮಾಲು ಅವು. ಬೆಲೆ ಏರಿದಾಗ ಎರಡು ಸಂಗತಿ ಒಟ್ಟಿಗೆ ನಡೆಯುತ್ತವೆ. ವಾರಕ್ಕೊಮ್ಮೆ ಲಿವರ್ ಕೊಳ್ಳುತ್ತಿದ್ದ ಮನೆ ಅದನ್ನು ಬಿಡುತ್ತದೆ. ಬೆಲೆಯ ಲೆಕ್ಕದಲ್ಲಿ ಆ ಲಿವರಿನ ಪರಿಸರ ಬಿಲ್ಲೂ ಏರುತ್ತದೆ, ಉದ್ಯಮದ 'ಉಳಿಕೆ' ವಾದ ತನ್ನ ಕಾಲನ್ನೇ ಕಡಿದುಕೊಂಡಂತೆ.

ಇದರ ಪಕ್ಕದಲ್ಲೇ ನೀಲಿ ಡ್ರಮ್ಮು ಹಾಗೇ ಕೂತಿರುತ್ತದೆ. ಅದಕ್ಕೆ ಕೊಳ್ಳುವವರು ಬೇಕೆಂದರೆ ಹತ್ತಿರ ರೆಂಡರಿಂಗ್ ಘಟಕ ಬೇಕು, ದಿನದ ಮಾಲು ಕೊಳೆಯುವ ಮೊದಲು ಎತ್ತುವ ತಣ್ಣನೆ ವಾಹನ ಬೇಕು, ಆ ಪುಡಿಯ ಹೆಸರನ್ನು ಪ್ಯಾಕೆಟ್ಟಿನ ಮೇಲೆ ಓದಿ ಕೆಳಗಿಡದ ಗಿರಾಕಿ ಬೇಕು. ಮೊದಲೆರಡು ಪಾಲಿಕೆಯ ಕೈಯಲ್ಲಿವೆ.